ಸೊಲ್ಲಾಪುರದ ಡಾ. ಕೋಟ್ನಿಸ್ ಮನೆ: ವಿಜಯಪುರದಿಂದ ಹೋಗುವವರಿಗೆ

ಚಾದರ ಕೊಳ್ಳಲು ಸೊಲ್ಲಾಪುರಕ್ಕೆ ಹೋಗುವ ವಿಜಯಪುರದವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡರೆ, ಚೀನಾದ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತ ಅಲ್ಲೇ ತೀರಿಕೊಂಡ ವೈದ್ಯ ಡಾ. ದ್ವಾರಕಾನಾಥ ಕೋಟ್ನಿಸರ ಮನೆ ನೋಡಿ ಬರಬಹುದು. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಸುಮಾರು 100 ಕಿ.ಮೀ. ಹೊರ್ತಿ, ಝಳಕಿ ದಾಟಿ ಧೂಳಖೇಡದ ಭೀಮಾ ಸೇತುವೆ ಮುಗಿದರೆ ಮಹಾರಾಷ್ಟ್ರ. ಹಳದಿ ಬೋರ್ಡಿನ ಗಾಡಿ ಬಾಡಿಗೆಗೆ ಹಿಡಿದರೆ ಹೊರರಾಜ್ಯದ ಪರ್ಮಿಟ್ ಖರ್ಚು ಯಾರದೆಂದು ಮೊದಲೇ ಮಾತಾಡಿ. ಗಡಿಯಲ್ಲಿ ನಿಂತು ಹಗ್ಗಜಗ್ಗಾಟ ಬೇಡ. ಬಸ್ಸಿಗೆ ಹೋಗುವ ಹೆಣ್ಣುಮಕ್ಕಳು ಟಿಕೆಟ್ ದುಡ್ಡು ಇಟ್ಟುಕೊಳ್ಳಿ, ಶಕ್ತಿ ಯೋಜನೆ ಅಂತರರಾಜ್ಯ ಪ್ರಯಾಣಕ್ಕಿಲ್ಲ. ರೈಲು ಇಂಡಿ ರೋಡ್, ಹೋಟಗಿ ಮೇಲೆ ಹೋಗುತ್ತದೆ. ಮರಳುವ ಗಾಡಿಯ ವೇಳೆ ನೋಡಿಕೊಂಡೇ ಹತ್ತಿ.

ಆಟೊದವರಿಗೆ ಭೈಯ್ಯಾ ಚೌಕ್ ಎನ್ನಿ. ಹಬ್ಬ, ಸರ್ಕಾರಿ ರಜೆ ಬಿಟ್ಟು ವಾರದ ದಿನ ಹತ್ತು ಗಂಟೆಯ ಮೇಲೆ ಹೋಗುವುದು ಒಳ್ಳೆಯದು. ಸಮಾಧಿ ಹುಡುಕಬೇಡಿ, ಅದು ಚೀನಾದ ಶಿಜಿಯಾಜುವಾಂಗ್‌ನಲ್ಲಿದೆ. ಇಲ್ಲಿರುವುದು ಮನೆ, ಫೋಟೋಗಳು. ಹಿನ್ನೆಲೆ ಗೊತ್ತಿಲ್ಲದೆ ಹೋದರೆ ಹತ್ತು ನಿಮಿಷಕ್ಕೆ ಹೊರಗೆ ಬರುತ್ತೀರಿ. ಹಾಗಾಗಿ ಇಷ್ಟು ಓದಿಕೊಂಡು ಹೋಗಿ.

ಕೋಟ್ನಿಸ್ ಹುಟ್ಟಿದ್ದು 1910ರಲ್ಲಿ, ವೈದ್ಯ ಓದಿದ್ದು ಮುಂಬೈಯಲ್ಲಿ. ಜಪಾನ್ ಚೀನಾದ ಮೇಲೆ ಬಿದ್ದಾಗ, ಸುಭಾಷರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳಿಸಿತು: ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್. ಗುಂಪಿನ ಫೋಟೋದಲ್ಲಿ ಈ ಐವರನ್ನೇ ಹುಡುಕಿ. ಮುಂದೆ ಉಳಿದ ನಾಲ್ವರು ಮರಳಿದರು. ಕೋಟ್ನಿಸ್ ಚೀನಾದ ಕಮ್ಯುನಿಸ್ಟರ ಎಂಟನೇ ಮಾರ್ಗದ ಸೇನೆಯ ಜೊತೆ ಉಳಿದು, 1940ರ ಕಾಳಗದಲ್ಲಿ 72 ಗಂಟೆ ನಿದ್ದೆಯಿಲ್ಲದೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮರುವರ್ಷ, ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ ಹೆಸರಿನ ಅಲ್ಲಿನ ಆಸ್ಪತ್ರೆಯ ಮುಖ್ಯಸ್ಥರಾದರು, ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಕೋಟ್ನಿಸ್ ಗುಂಡೇಟಿಗೆ ಸತ್ತರೆಂದು ಹೇಳುವವರಿದ್ದಾರೆ, ಅಲ್ಲ. ಮೂರ್ಛೆರೋಗ ಮೇಲಿಂದ ಮೇಲೆ ಬಂದು 1942ರ ಡಿಸೆಂಬರ್ 9ರಂದು ತೀರಿಕೊಂಡರು. ವಯಸ್ಸು 32. ಮಗನಿಗೆ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆದೊಯ್ಯುವವರಿಗೆ ಅಕ್ಟೋಬರ್ 10ರ ಜನ್ಮದಿನ ಅಥವಾ ಡಿಸೆಂಬರ್ 9 ತಕ್ಕ ದಿನ. ದೊಡ್ಡ ಗುಂಪಾದರೆ ಸೊಲ್ಲಾಪುರ ಮಹಾನಗರ ಪಾಲಿಕೆಗೆ ಮೊದಲೇ ಪತ್ರ ಕೊಡಿ. ಏಪ್ರಿಲ್, ಮೇ ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಕ್ರಾಂತಿ ವಾರದಲ್ಲಿ ಸಿದ್ಧರಾಮೇಶ್ವರ ಜಾತ್ರೆ: ಜಾತ್ರೆಗೇ ಬಂದವರಿಗೆ ಸರಿ, ಉಳಿದವರಿಗೆ ಊರೊಳಗೆ ಕಾರು ಹೊಕ್ಕುವುದೇ ಕಷ್ಟ.