ಕೂಸಿನ ಹುಟ್ಟುಹಬ್ಬದ ಉಡುಗೊರೆಗೆ ಹಳೆ ಆಟದ ಸಾಮಾನು: ಜೇಬಿನಲ್ಲಿ ನಾಲ್ಕು ವಸ್ತು ಇರಲಿ

ಬೇರೆಯವರ ಮನೆಗೆ ಹಳೆ ಆಟದ ಸಾಮಾನು ನೋಡಲು ಹೋಗುವಾಗ ನಾಲ್ಕು ವಸ್ತು ಜೊತೆಗಿರಲಿ: ಒಂದು ಹತ್ತು ರೂಪಾಯಿ ನಾಣ್ಯ, ಚಾಲೂ ಇರುವ ಸೆಲ್ (ಎಎ ಮೂರು, ಎಎಎ ಮೂರು), ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಒದ್ದೆ ಮಾಡಿ ಹಿಂಡಿದ ಬಿಳಿ ಅರಿವೆ. ಇಷ್ಟಿದ್ದರೆ ಹತ್ತು ನಿಮಿಷದಲ್ಲಿ ಸಾಮಾನಿನ ಜಾತಕ ಗೊತ್ತಾಗುತ್ತದೆ. ಇಲ್ಲದೆ ಹೋದರೆ ಮಾರುವವರ ಮಾತೇ ಗತಿ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಎರಡು ವರ್ಷದಿಂದ ಅಟ್ಟದ ಮೇಲಿದ್ದ ಪಿಯಾನೋ ಈಗಲೂ ನುಡಿಯುತ್ತದೋ ಇಲ್ಲವೋ ಅವರಿಗೂ ಗೊತ್ತಿರುವುದಿಲ್ಲ.

ಹುಡುಕಾಟ ಹುಟ್ಟುಹಬ್ಬಕ್ಕೆ ಮೂರು ವಾರ ಮೊದಲೇ ಶುರುವಾಗಬೇಕು. ಒಂದು ವಾರ ಹುಡುಕಲು, ಒಂದು ವಾರ ರಿಪೇರಿ ಮತ್ತು ತೊಳೆಯಲು, ಉಳಿದದ್ದು ಒಣಗಲು ಮತ್ತು ಮೊದಲನೆಯದು ಕೈಕೊಟ್ಟರೆ ಇನ್ನೊಂದು ಹುಡುಕಲು. ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಕಡೆ ಒಳ್ಳೆಯ ಸಾಮಾನು ಹೊರಬರುವುದು ವರ್ಗಾವಣೆಯ ದಿನಗಳಲ್ಲಿ, ಶಾಲೆ ಮುಗಿದ ಮೇಲೆ ಏಪ್ರಿಲ್‌ನಿಂದ ಜೂನ್‌ವರೆಗೆ. ತೋರಣಗಲ್ಲಿನ ಟೌನ್‌ಶಿಪ್, ಶಕ್ತಿನಗರದ ಕ್ವಾರ್ಟರ್ಸ್, ಹಟ್ಟಿ ಚಿನ್ನದ ಗಣಿಯ ಕಾಲೊನಿ ಇಂಥ ಕಡೆ ಮನೆ ಖಾಲಿ ಮಾಡುವವರು ಲಾರಿಗೆ ಹೇರುವ ಮೊದಲು ಜಾರುಬಂಡಿ, ಮೂರು ಗಾಲಿ ಸೈಕಲ್ ಬಿಟ್ಟುಹೋಗಲು ನೋಡುತ್ತಾರೆ. ಅಲ್ಲಿ ಪರಿಚಯದವರಿದ್ದರೆ ಅವರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿಸಿ. "ಆಟದ ಸಾಮಾನು ಇದ್ರ ಹೇಳ್ರಿ" ಅಂದರೆ ಯಾರೂ ಉತ್ತರಿಸುವುದಿಲ್ಲ. "ಎರಡು ವರ್ಷದ ಕೂಸಿಗೆ ಕಾಲಿನಿಂದ ತಳ್ಳೋ ಗಾಡಿ ಅಥವಾ ದೊಡ್ಡ ಬ್ಲಾಕ್ಸ್ ಬೇಕಾಗ್ಯಾವ್ರಿ, ಬಂದು ನೋಡಿ ಒಯ್ತೀವಿ" ಅಂತ ಬರೆಸಿ. ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಸಿಗುತ್ತವೆ, ಆದರೆ ನೋಡುವ ಮೊದಲು ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕಳಿಸಬೇಡಿ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬಿದ್ದ ಪ್ಲಾಸ್ಟಿಕ್ ಆಟಿಕೆ ಅಗ್ಗ ನಿಜ, ಆದರೆ ಅವು ಯಾವುದರ ಜೊತೆ ಬಿದ್ದಿದ್ದವೋ ಗೊತ್ತಾಗುವುದಿಲ್ಲ. ಅಲ್ಲಿಂದ ಬೇಡ.

ವಯಸ್ಸಿಗೆ ತಕ್ಕದ್ದು ಯಾವುದು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಒಂದು ವರ್ಷಕ್ಕೆ ಹಿಡಿದು ನಡೆಯುವ ಕಟ್ಟಿಗೆ ಬಂಡಿ, ಒಂದರೊಳಗೊಂದು ಕೂರುವ ಬಟ್ಟಲು, ಕೋಲಿಗೆ ಪೋಣಿಸುವ ಉಂಗುರ. ಎರಡಕ್ಕೆ ದೊಡ್ಡ ಬ್ಲಾಕ್ಸ್, ಕಾಲಿನಿಂದ ತಳ್ಳುವ ಗಾಡಿ, ಅಡುಗೆ ಆಟದ ಪಾತ್ರೆ. ಮೂರಕ್ಕೆ ಪೆಡಲ್ ಇರುವ ಸೈಕಲ್. ಬ್ಲಾಕ್ಸ್ ಮೂವತ್ತು ನಲವತ್ತು ಇದ್ದರೆ ಸಾಕು. ಡಬ್ಬಿಯ ಮೇಲೆ ನೂರು ಅಂತ ಬರೆದು ಒಳಗೆ ಅರವತ್ತಿದ್ದರೂ ಕೂಸು ಎಣಿಸುವುದಿಲ್ಲ, ನೀವು ಮಾತ್ರ ಎಣಿಸಿ ದರ ಇಳಿಸಿ.

ಈಗ ನಾಣ್ಯ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸುವ ಕೊಳವೆಯ ಒಳ ಅಗಲ 31.7 ಮಿಲಿಮೀಟರ್. ಆ ಕೊಳವೆಯೊಳಗೆ ಪೂರ್ತಿ ಕೂರುವ ಯಾವ ತುಂಡಾದರೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಂದರೆ ನಾಣ್ಯಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡದಿದ್ದರೂ ಅನುಮಾನಿಸಬೇಕು. ಇಡೀ ಆಟಿಕೆ ದೊಡ್ಡದಿದೆ ಅಂತ ಸುಮ್ಮನಾಗಬೇಡಿ, ಬಿಚ್ಚಿಕೊಳ್ಳುವ ಭಾಗ ನೋಡಿ: ಕಾರಿನ ಗಾಲಿಯ ಮುಚ್ಚಳ, ಗೊಂಬೆಯ ಬೂಟು, ಗಿಲಕಿಯ ತುದಿ. ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಜೋರಾಗಿ ತಿರುಗಿಸಿ ಎಳೆಯಿರಿ, ಹತ್ತು ಎಣಿಸುವವರೆಗೆ ಬಿಡಬೇಡಿ. ನಿಮ್ಮ ಕೈಗೆ ಬಂದದ್ದು ನಾಳೆ ಕೂಸಿನ ಬಾಯಿಗೆ ಹೋಗುತ್ತದೆ. ಎಳೆಯುವ ಗಾಡಿಯ ದಾರ ಒಂದು ಗೇಣಿಗಿಂತ ಉದ್ದವಿದ್ದರೆ ಕತ್ತರಿಸಿ, ಕೊರಳಿಗೆ ಸುತ್ತಿಕೊಳ್ಳುವಷ್ಟು ಇರಬಾರದು.

ಅಯಸ್ಕಾಂತದ ಬಗ್ಗೆ ಒಂದೇ ಮಾತು: ಸಣ್ಣ ಅಯಸ್ಕಾಂತ ಇರುವ ಯಾವುದೂ ಬೇಡ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಅಂಟಿಕೊಂಡು ತೂತು ಮಾಡುತ್ತವೆ.

ಸೆಲ್ ಆಟಿಕೆಯಲ್ಲಿ ಮೊದಲು ಸ್ಕ್ರೂಡ್ರೈವರ್‌ನ ಕೆಲಸ. ಸೆಲ್ ಮನೆಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಇದ್ದರೆ ಕಚ್ಚುತ್ತದೆಯೇ ನೋಡಿ. ಒಳಗೆ ಗುಂಡನೆಯ ಬಟನ್ ಸೆಲ್ ಇದ್ದು ಸ್ಕ್ರೂ ಕಳೆದಿದ್ದರೆ ಅಲ್ಲೇ ಇಟ್ಟು ಬನ್ನಿ, ಟೇಪ್ ಸುತ್ತಿ ಕೊಡುವ ಯೋಚನೆಯೂ ಬೇಡ. ಸಿಆರ್ 2032 ಎಂಬ 20 ಮಿಲಿಮೀಟರ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೇ ಸುಡಲು ಶುರುಮಾಡುತ್ತದೆ. ಮುಚ್ಚಳ ತೆಗೆದ ಮೇಲೆ ಸ್ಪ್ರಿಂಗ್ ನೋಡಿ. ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿದ್ದರೆ ಹಳೆ ಸೆಲ್ ಸೋರಿದೆ ಎಂದರ್ಥ. ಸ್ಪ್ರಿಂಗ್ ಗಟ್ಟಿಯಿದ್ದರೆ ಅದು ರಿಪೇರಿಯಾಗುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಪುಡಿಯನ್ನು ಒಣಗಿದ ಬ್ರಷ್‌ನಿಂದ ಉದುರಿಸಿ, ಅಲ್ಕಲೈನ್ ಸೆಲ್ (ಮೇಲೆ ಹಾಗೆಂದು ಬರೆದಿರುತ್ತದೆ) ಸೋರಿದ್ದಾದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಒರೆಸಿ, ಆಮೇಲೆ ಒದ್ದೆ ಅರಿವೆಯಿಂದ ಒರೆಸಿ, ಒಂದು ದಿನ ಒಣಗಿಸಿ, ಸ್ಪ್ರಿಂಗ್ ತುದಿಗೆ ಸ್ಯಾಂಡ್ ಪೇಪರ್ ತಿಕ್ಕಿ. ಸ್ಪ್ರಿಂಗ್ ಮುರಿದಿದ್ದರೆ, ತಂತಿ ಹಸಿರಾಗಿ ಒಳಗಿನವರೆಗೂ ಹೋಗಿದ್ದರೆ ಬಿಡಿ. ಸೆಲ್ ಹಾಕಿ ಎಲ್ಲ ಗುಂಡಿಯನ್ನೂ ಒತ್ತಿ. ಸಪ್ಪಳ ಕಿವಿಗೆ ಚುಚ್ಚುವಂತಿದ್ದರೆ ಸ್ಪೀಕರ್ ತೂತುಗಳ ಮೇಲೆ ಎರಡು ಪದರ ಟೇಪ್ ಅಂಟಿಸಬಹುದು. ಕೂಸಿನ ಮನೆಯ ಹಿರಿಯರು ಹರಸುತ್ತಾರೆ.

ಬಿಳಿ ಅರಿವೆ ಬಣ್ಣಕ್ಕೆ. ಮೂಲೆಯೊಂದನ್ನು ಇಪ್ಪತ್ತು ಸಲ ತಿಕ್ಕಿ. ಬಣ್ಣ ಅರಿವೆಗೆ ಬಂದರೆ, ಪದರ ಎದ್ದು ಉದುರುತ್ತಿದ್ದರೆ ಬೇಡ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ, ಅದಕ್ಕಿಂತ ಹಿಂದೆ ಎನಾಮೆಲ್ ಬಳಿದ ಕುದುರೆ, ಕುರ್ಚಿಗಳಲ್ಲಿ ಏನಿದೆಯೋ ಹೇಳಲಾಗದು. ಕೂಸು ಅದನ್ನೇ ಕಚ್ಚುತ್ತದೆ. ಪ್ಲಾಸ್ಟಿಕ್ ಸಾಮಾನಿನಿಂದ ಅರಿವೆಗೆ ಸುಣ್ಣದಂಥ ಪುಡಿ ಹತ್ತಿದರೆ ಅದು ಮಾಳಿಗೆ ಮೇಲೆ ಬಿಸಿಲಲ್ಲಿ ಬೆಂದ ಮಾಲು. ನಲವತ್ತು ಡಿಗ್ರಿ ದಾಟುವ ನಮ್ಮ ಬ್ಯಾಸಿಗೆಯಲ್ಲಿ ಎರಡು ವರ್ಷ ಹೊರಗಿದ್ದ ಜಾರುಬಂಡಿ ನೋಡಲು ಗಟ್ಟಿ, ಅಂಚನ್ನು ಒತ್ತಿ ಬಗ್ಗಿಸಿದರೆ ಚಟ್ ಅನ್ನುತ್ತದೆ. ಚೂಪು ಚೂರಾಗಿ ಒಡೆಯುವುದು ಇಂಥದ್ದೇ.

ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಅದಕ್ಕೂ ಹಿಂದಿನ ಒಳ್ಳೆಯ ಸಾಮಾನಿನ ಮೇಲೆ ಗುರುತು ಇಲ್ಲದಿರಬಹುದು, ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಹುಲಿಗಿ ಜಾತ್ರೆಯಲ್ಲೋ ಗವಿಮಠದ ಜಾತ್ರೆಯಲ್ಲೋ ಐವತ್ತು ರೂಪಾಯಿಗೆ ಸಿಗುವ ಗುರುತಿಲ್ಲದ ಹೊಸ ಆಟಿಕೆಗಿಂತ ಒಂದು ಕೂಸಿನ ಕೈಯಲ್ಲಿ ಎರಡು ವರ್ಷ ಉಳಿದುಬಂದ ಹಳೆ ಸಾಮಾನನ್ನೇ ನಂಬಬಹುದು. ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಗುರುತಿನ ಕರಕುಶಲ ಸಾಮಾನಿಗೆ ಆ ನಿಯಮದಿಂದ ವಿನಾಯಿತಿ ಇದೆ. ಇದ್ದುದರಲ್ಲಿ ಚನ್ನಪಟ್ಟಣದ ಉಂಗುರ, ಬುಗುರಿ, ಗಿಲಕಿ ಸಿಕ್ಕರೆ ಮರು ಯೋಚನೆ ಬೇಡ. ಒಂದೇ ಎಚ್ಚರ: ಅದರ ಹೊಳಪು ಅರಗಿನದು. ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ಅರಗು ಕರಗಿ ಅಂಟಂಟಾಗುತ್ತದೆ, ಸುಡುವ ನೀರಿಗೂ ಮೆತ್ತಗಾಗುತ್ತದೆ. ತುಸು ಸೋಪಿನ ನೀರಿನಲ್ಲಿ ಹಿಂಡಿದ ಅರಿವೆಯಿಂದ ಒರೆಸಿ ನೆರಳಲ್ಲಿ ಒಣಗಿಸಿದರೆ ಮುಗಿಯಿತು. ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆ ಬೇರೆ ಜಾತಿಯದು. ಹಗುರ ಕಟ್ಟಿಗೆಯ ಮೇಲೆ ಹುಣಸೆ ಬೀಜದ ಅಂಟು ಬೆರೆಸಿದ ಪದರ, ಅದರ ಮೇಲೆ ಬಣ್ಣ. ಅದು ಬಾಯಿಗೆ ಹಾಕಿಕೊಳ್ಳುವ ಕೂಸಿನ ಆಟಕ್ಕಲ್ಲ, ಗೂಡಿನಲ್ಲಿಡಲು. ನೀರಂತೂ ಮುಟ್ಟಿಸಲೇಬಾರದು.

ಹೆಚ್ಚು ದುಡ್ಡು ಉಳಿಯುವುದು ಮೂರು ಗಾಲಿ ಸೈಕಲ್‌ನಲ್ಲಿ, ಹೆಚ್ಚು ಮೋಸ ಹೋಗುವುದೂ ಅದರಲ್ಲೇ. ಬಣ್ಣ, ಗಂಟೆ, ಬುಟ್ಟಿ ನೋಡಬೇಡಿ, ತಲೆಕೆಳಗು ಮಾಡಿ ನೋಡಿ. ಮುಂದಿನ ಗಾಲಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಪ್ಲಾಸ್ಟಿಕ್ ಗಾಲಿಯ ನಡುವಿನ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಓಡಾಟದಲ್ಲಿ ಜೋಲಿ ಹೊಡೆಯುತ್ತದೆ. ಸವಕಳಿ ಸ್ವಲ್ಪವಿದ್ದರೆ ಎರಡೂ ಬದಿಗೆ ಒಂದೊಂದು ವಾಷರ್ ಹಾಕಿದರೆ ನಿಲ್ಲುತ್ತದೆ, ಬೆರಳಿನ ತುದಿ ಸೇರುವಷ್ಟಿದ್ದರೆ ಗಾಲಿಯೇ ಬೇಕು, ಆ ಅಳತೆಯದು ಬಿಡಿಯಾಗಿ ಸಿಗುವುದು ಕಷ್ಟ. ಪೆಡಲ್ ಕೂತಿರುವ ಕಬ್ಬಿಣದ ಸರಳು ಬಾಗಿದ್ದರೆ ಪೆಡಲ್ ತುಳಿದಾಗ ಗಾಲಿ ಕುಣಿಯುತ್ತದೆ, ಅದನ್ನು ಬಡಿದು ನೇರ ಮಾಡಿದರೂ ಮತ್ತೆ ಬಾಗುತ್ತದೆ. ಫ್ರೇಮಿನ ಬೆಸುಗೆ ಜಾಗದಲ್ಲಿ ತುಕ್ಕಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಮೇಲಿನ ತುಕ್ಕು ಸ್ಯಾಂಡ್ ಪೇಪರಿಗೆ ಹೋಗುತ್ತದೆ, ತುದಿ ಒಳಗೆ ಇಳಿದರೆ ಫ್ರೇಮು ಹೋಯಿತು. ಹ್ಯಾಂಡಲ್ ತುದಿಯ ಗ್ರಿಪ್ ಇಲ್ಲದಿದ್ದರೆ ಹಾಗೇ ಕೊಡಬಾರದು, ಬಿದ್ದಾಗ ಬರಿಯ ಪೈಪು ಹೊಟ್ಟೆಗೆ ಒತ್ತಿದರೆ ಒಳಗೆ ಪೆಟ್ಟಾಗುತ್ತದೆ. ಗ್ರಿಪ್, ವಾಷರ್, ಗಾಲಿ ತಡೆಯುವ ಪಿನ್ನು ಯಾವ ಸೈಕಲ್ ಶಾಪಿನಲ್ಲಾದರೂ ಸಿಗುತ್ತವೆ. 10 ಮತ್ತು 13 ಮಿಲಿಮೀಟರ್ ಸ್ಪ್ಯಾನರ್ ಎರಡಿದ್ದರೆ ಸಾಮಾನ್ಯವಾಗಿ ಇಡೀ ಸೈಕಲ್ ಬಿಚ್ಚಿ ಕಟ್ಟಬಹುದು. ಕಿರ್ ಕಿರ್ ಅನ್ನುವ ಕಡೆ ಕೊಬ್ಬರಿ ಎಣ್ಣೆ ಬಿಡಬೇಡಿ. ನಾಲ್ಕು ದಿನಕ್ಕೆ ಅದಕ್ಕೆ ಧೂಳು ಮೆತ್ತಿ ಮೇಣದಂತಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಸಾಕು.

ದರ ಕೂಡಿಸುವಾಗ ಸಾಮಾನಿನ ಬೆಲೆ ಒಂದನ್ನೇ ನೋಡಬಾರದು. ಉದಾಹರಣೆಗೆ, ಹೊಸದು 1,800 ಇರುವ ಸೈಕಲ್‌ಗೆ 700 ಹೇಳುತ್ತಾರೆ ಅನ್ನಿ. ಆಟೋ 150, ಗ್ರಿಪ್ ವಾಷರ್ 100, ಸ್ಪ್ರೇ ಬಣ್ಣ 200 ಸೇರಿದರೆ 1,150 ಆಯಿತು, ಜೊತೆಗೆ ನಿಮ್ಮ ಒಂದು ಭಾನುವಾರ. ಎಲ್ಲ ಸೇರಿ ಹೊಸದರ ಅರ್ಧ ದಾಟಿದರೆ ಹೊಸದೇ ಲೇಸು. ಕೆಟ್ಟದ್ದನ್ನು ಬಾಯಲ್ಲಿ ಹೇಳುವ ಬದಲು ತೋರಿಸಿ ಕೇಳಿ: "ಅಕ್ಕಾರ, ಈ ಗ್ರಿಪ್ ಇಲ್ಲ ನೋಡ್ರಿ, ಗಾಲಿನೂ ಜೋಲಿ ಹೊಡೀತೈತಿ, ಐನೂರಕ್ಕ ಮಾಡ್ರಿ." ಕೂಸಿನ ಹುಟ್ಟುಹಬ್ಬಕ್ಕೆ ಅಂತ ಹೇಳಿದರೆ ಕೆಲವರು ಅದರ ಜೊತೆ ಒಂದು ಚೆಂಡನ್ನೂ ಹಾಗೇ ಕೊಟ್ಟು ಕಳಿಸುತ್ತಾರೆ.

ಎಲ್ಲರ ಮನೆಯಲ್ಲೂ ಬಿದ್ದಿರುವ, ಎಲ್ಲರೂ ದಾಟಿಸಲು ನೋಡುವ ಒಂದು ಸಾಮಾನೆಂದರೆ ಕೂಸನ್ನು ನಡುವೆ ಕೂರಿಸಿ ಬಿಡುವ ಗಾಲಿಯ ವಾಕರ್. ಪುಕ್ಕಟೆ ಕೊಟ್ಟರೂ ತರಬೇಡಿ. ಮೆಟ್ಟಿಲಿನಿಂದ ಉರುಳುವ ಅಪಾಯಕ್ಕೆ ಕೆನಡಾ ಅದನ್ನು 2004ರಲ್ಲೇ ನಿಷೇಧಿಸಿದೆ, ಮಕ್ಕಳ ಡಾಕ್ಟರೂ ಬೇಡ ಅನ್ನುತ್ತಾರೆ. ನಡೆಯಲು ಕಲಿಸುವುದೂ ಇಲ್ಲ. ಹಿಂದಿನಿಂದ ತಳ್ಳುವ ಕಟ್ಟಿಗೆ ಬಂಡಿ ಆ ಕೆಲಸ ಮಾಡುತ್ತದೆ. ಹೆಲ್ಮೆಟ್, ಕಾರಿನ ಸೀಟು ಇವನ್ನೂ ಪರಿಚಯವಿಲ್ಲದವರಿಂದ ತರಬಾರದು, ಒಳಗಿನ ಬಿರುಕು ಕಾಣುವುದಿಲ್ಲ.

ಮೆತ್ತನೆ ಗೊಂಬೆ ಮಳೆಗಾಲದಲ್ಲಿ ಬೇಡ, ಒಣಗುವುದಿಲ್ಲ, ಒಳಗೆ ವಾಸನೆ ಕಟ್ಟುತ್ತದೆ. ಬ್ಯಾಸಿಗೆಯಲ್ಲಾದರೆ ಆಗಬಹುದು. ಕಣ್ಣು ದಾರದಲ್ಲಿ ಹೊಲಿದದ್ದಿರಲಿ. ಪ್ಲಾಸ್ಟಿಕ್ ಕಣ್ಣಿದ್ದರೆ ಕಿತ್ತುಹಾಕಿ ಕರಿ ದಾರದಲ್ಲಿ ಹೊಲಿಯಿರಿ. ಹೊಟ್ಟೆ ಅಮುಕಿದಾಗ ಕಾಳಿನಂತೆ ಏನಾದರೂ ಹತ್ತಿದರೆ ಹೊಲಿಗೆ ಬಿಚ್ಚಿ ಹಳೆಯ ತುಂಬಿಕೆ ಎಸೆದು, ಹೊರಗಿನ ತೊಗಲನ್ನು ಮಾತ್ರ ಒಗೆದು ಹೊಸದು ತುಂಬಿ. ಹತ್ತಿಗೆ ರಾಯಚೂರಿನಲ್ಲಿ ಬರವೇನಿಲ್ಲ, ಆದರೆ ಬೀಜದ ಚೂರು ಆರಿಸಿ ಹಾಕಬೇಕು. ಹತ್ತಿ ತುಂಬಿದ್ದನ್ನು ಮತ್ತೆ ಇಡಿಯಾಗಿ ಒಗೆದರೆ ಗಂಟುಗಂಟಾಗುತ್ತದೆ. ಇದ್ದ ತುಂಬಿಕೆಯಲ್ಲೇ ಉಳಿಸುವುದಾದರೆ ದಿಂಬಿನ ಕವರಿನಲ್ಲಿ ಹಾಕಿ ಕಟ್ಟಿ, 60 ಡಿಗ್ರಿ ನೀರಿನಲ್ಲಿ ಒಗೆದು, ಎರಡು ದಿನ ಬಿಸಿಲಿಗೆ ತಿರುವಿ ಹಾಕಿ.

ಪ್ಲಾಸ್ಟಿಕ್ ತೊಳೆಯುವ ಮೊದಲು ಒಣಗಿದ ಬ್ರಷ್ ಹಾಕುವುದನ್ನು ಮರೆಯಬೇಡಿ, ಸಂಡೂರು, ತೋರಣಗಲ್ಲು ಕಡೆಯಿಂದ ಬಂದದ್ದಾದರೆ ಇನ್ನೂ ಮುಖ್ಯ. ಸಂದಿಯಲ್ಲಿ ಕೂತ ಅದಿರಿನ ಕೆಂಪು ಧೂಳಿಗೆ ನೀರು ಬಿದ್ದರೆ ಕೆಸರಾಗಿ ಒಳಗೇ ಗಟ್ಟಿಯಾಗುತ್ತದೆ. ಆಮೇಲೆ ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಲೀಟರ್ ನೀರಿಗೆ ನಾಲ್ಕು ಟೀ ಚಮಚ ಬಟ್ಟೆ ಬ್ಲೀಚ್ ಬೆರೆಸಿದ್ದರಲ್ಲಿ ಐದು ನಿಮಿಷ ಇಟ್ಟು, ಚೆನ್ನಾಗಿ ಜಾಲಿಸಿ. ಬ್ಲೀಚ್ ಇದ್ದ ಬಕೆಟ್ಟಿಗೆ ಟಾಯ್ಲೆಟ್ ಆ್ಯಸಿಡ್, ನಿಂಬೆ, ವಿನೆಗರ್ ಬೀಳಬಾರದು, ವಿಷದ ಗಾಳಿ ಬರುತ್ತದೆ. ಬೋರ್ ನೀರಿನಲ್ಲಿ ಜಾಲಿಸಿದರೆ ಒಣಗಿದ ಮೇಲೆ ಬಿಳಿ ಪೊರೆ ಕಾಣುತ್ತದೆ, ಕೊನೆಯ ಸಲಕ್ಕೆ ನಳದ ಹೊಳೆ ನೀರೋ ಫಿಲ್ಟರ್ ನೀರೋ ಒಂದು ಬಕೆಟ್ ಎತ್ತಿಡಿ. ಕಟ್ಟಿಗೆ ಸಾಮಾನನ್ನು ನೆನೆಸಬೇಡಿ. ಸಿಬರು ಎದ್ದಲ್ಲಿ 120 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 220.

ಪುಸ್ತಕ ಸುಲಭ. ದಪ್ಪ ರಟ್ಟಿನ ಹಾಳೆಯದ್ದಾದರೆ ಮೂಲೆ ಕಚ್ಚಿ ಮೆತ್ತಗಾಗಿದ್ದರೂ ಬೆನ್ನು ಗಟ್ಟಿಯಿದ್ದರೆ ತನ್ನಿ, ಹಸಿ ವಾಸನೆ ಬಂದರೆ ಬಿಡಿ. ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಚಿತ್ರಪುಸ್ತಕ ಹೊಸದೇ ಅಗ್ಗ, ಹಳೆಯದಕ್ಕೆ ಅಲೆಯಬೇಕಿಲ್ಲ.

"ಹುಟ್ಟಿದ ದಿನಕ್ಕೆ ಹಳೇದು ಕೊಡ್ತಾರೇನು?" ಅನ್ನುವ ಅಜ್ಜಿ ಪ್ರತಿ ಮನೆಯಲ್ಲೂ ಇರುತ್ತಾಳೆ. ಹುಟ್ಟಿದ ಕೂಸಿಗೆ ಮೊದಲು ಹಳೆ ಅರಿವೆ ಹೊದಿಸುವ ರೂಢಿ ಆಕೆಗೂ ಗೊತ್ತು, ಹಾಗಾಗಿ ವಾದ ಬೇಡ. ತಾಯಿಗೆ ಮೊದಲೇ ತಿಳಿಸಿ, ಜೊತೆಗೆ ಒಂದು ಹೊಸ ಅಂಗಿ ಇಡಿ. ಕಟ್ಟಲು ಬಳ್ಳಾರಿಯ ಜೀನ್ಸ್ ಹೊಲಿಯುವವರ ಹತ್ತಿರ ಉಳಿದ ಕಟ್‌ಪೀಸ್ ಕೇಳಿ ಚೀಲ ಹೊಲಿಸಿ, ಬಾಯಿಗೆ ಲಾಡಿ ಬೇಡ, ಎರಡು ಅಗಲದ ಪಟ್ಟಿ ಸಾಕು. ಸಾಮಾನಿನ ಸೆಲ್ ಹೊಸದು ಹಾಕಿ, ಸ್ಕ್ರೂ ಬಿಗಿ ಮಾಡಿಯೇ ಚೀಲಕ್ಕೆ ಹಾಕಿ.