ನಲವತ್ತು ದಿನ, ಒಂದು ಹಾಸಿಗೆ

ಹಿಂದಿನ ವರ್ಷ ಗರಿಗಳ ಭಾನುವಾರ, ಅಂದರೆ ಈಸ್ಟರಿನ ಹಿಂದಿನ ಭಾನುವಾರ, ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿದ್ದ ಗರಿ ಒಣಗಿ ಸುರುಟಿಕೊಂಡಿರುತ್ತದೆ. ಅದನ್ನು ಚರ್ಚಿಗೆ ವಾಪಸು ಕೊಟ್ಟರೆ ಸುಟ್ಟು ಬೂದಿ ಮಾಡುತ್ತಾರೆ. ವಿಭೂತಿ ಬುಧವಾರ ಹಣೆಯ ಮೇಲೆ ಬೀಳುವುದು ಅದೇ ಬೂದಿ. ಅಂದಿನಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಸರಿಯಾಗಿ ನಲವತ್ತು ದಿನ. ತಪಸ್ಸುಕಾಲ.

ಈ ನಲವತ್ತು ದಿನಕ್ಕೆ ಒಬ್ಬೊಬ್ಬರದು ಒಂದೊಂದು ಹರಕೆ. ಮೀನು ಮಾಂಸ ಬಿಡುವವರು, ಸಂಜೆಯ ಕಾಫಿ ಬಿಡುವವರು, ಸೀರಿಯಲ್ ಬಿಡುವವರು. ಎಲ್ಲವೂ ಬಿಡುವ ಹರಕೆಗಳೇ. ಅವುಗಳ ಜೊತೆ ಹಿಡಿಯುವ ಹರಕೆಯೂ ಒಂದಿರಲಿ ಎಂಬುದು ಈ ಬರಹದ ಕೋರಿಕೆ: ನಿಮ್ಮ ಬೀದಿಯಲ್ಲೋ ಧರ್ಮಕೇಂದ್ರದಲ್ಲೋ (ನಿಮ್ಮ ಚರ್ಚಿನ ವ್ಯಾಪ್ತಿಯಲ್ಲೋ) ಹಾಸಿಗೆ ಹಿಡಿದಿರುವ ಒಬ್ಬರನ್ನು ಈ ನಲವತ್ತು ದಿನಕ್ಕೆ ನಿಮ್ಮ ಪಾಲಿಗೆ ತೆಗೆದುಕೊಳ್ಳುವುದು.

ಉಪವಾಸದ ಮಟ್ಟಿಗೆ ಕಥೋಲಿಕ ಸಭೆಯ ಕಟ್ಟಳೆ ಚಿಕ್ಕದು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ಣ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಏನಾದರೂ. 18 ತುಂಬಿದವರಿಂದ 59 ತುಂಬುವವರೆಗೆ ಇದು ಅನ್ವಯ, ಕಾಯಿಲೆಯವರಿಗೆ ವಿನಾಯಿತಿ. ಉಳಿಸಿದ್ದನ್ನು ಏನು ಮಾಡಬೇಕು ಎನ್ನುವುದು ಇದಕ್ಕಿಂತ ಹಳೆಯ ಪ್ರಶ್ನೆ. ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ತನಗೆ ಮೆಚ್ಚುಗೆಯಾಗುವ ಉಪವಾಸ ಯಾವುದೆಂದು ಹೇಳುವಾಗ ಹಸಿದವರೊಡನೆ ರೊಟ್ಟಿ ಹಂಚಿಕೊಳ್ಳುವ ಮಾತು ಬರುತ್ತದೆ. ಎರಡನೇ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ ಹೆರ್ಮಾಸನ ಗ್ರಂಥ ಇದಕ್ಕೊಂದು ಲೆಕ್ಕವನ್ನೇ ಕೊಡುತ್ತದೆ. ಉಪವಾಸದ ದಿನ ರೊಟ್ಟಿ ನೀರಿನಲ್ಲಿ ಇರು. ಅಂದು ತಿನ್ನಬೇಕಿದ್ದ ಊಟಕ್ಕೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕಿ ಆ ಮೊತ್ತವನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಮೀನು ಬಿಟ್ಟು ಆ ದುಡ್ಡಿನಲ್ಲಿ ಪನೀರ್ ತಂದರೆ ಈ ಲೆಕ್ಕ ಕೂಡುವುದಿಲ್ಲ!

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಕಡೆಯ ತೀರ್ಪಿನ ದಿನ ಅರಸನು ಎಣಿಸುವ ಆರು ಕೆಲಸಗಳಲ್ಲಿ ಒಂದು, ತಾನು ಕಾಯಿಲೆ ಬಿದ್ದಾಗ ಬಂದದ್ದು. ಅಲ್ಲಿರುವ ಗ್ರೀಕ್ ಕ್ರಿಯಾಪದಕ್ಕೆ ಬಂದು ನೋಡುವುದು, ನೋಡಿಕೊಳ್ಳುವುದು ಎರಡೂ ಅರ್ಥ. ಕನ್ನಡದಲ್ಲಿ ಈ ಎರಡರ ನಡುವೆ ಇರುವುದು ಒಂದು 'ಕೊಳ್ಳು' ಮಾತ್ರ. ಆದರೆ ಹೆಚ್ಚಿನ ಭೇಟಿಗಳು ನೋಡುವುದರಲ್ಲೇ ಮುಗಿಯುತ್ತವೆ. ಹಣ್ಣಿನ ಚೀಲ ಇಟ್ಟು, ಡಾಕ್ಟರು ಏನಂದರು ಎಂದು ಕೇಳಿ, ಗೊತ್ತಿರುವ ಇನ್ನೊಬ್ಬ ರೋಗಿಯ ಕಥೆ ಹೇಳಿ ಎದ್ದು ಬರುತ್ತೇವೆ. ಲೂಕನ 10ನೇ ಅಧ್ಯಾಯದ ಸಮಾರಿಯದವನನ್ನು ನೋಡಿ: ಹತ್ತಿರ ಹೋದ, ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿದ, ತಾನು ಕೂತು ಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ, ಛತ್ರಕ್ಕೆ ಸೇರಿಸಿ ಆರೈಕೆ ಮಾಡಿದ. ಮರುದಿನ ಎರಡು ಬೆಳ್ಳಿ ನಾಣ್ಯ, ಅಂದರೆ ಆ ಕಾಲದ ಎರಡು ದಿನದ ಕೂಲಿ, ಛತ್ರದವನ ಕೈಗಿಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆಂದ. ಕನಿಕರ ಹುಟ್ಟಿತು ಎಂಬುದಕ್ಕೆ ಆ ಕಥೆಯಲ್ಲಿ ಒಂದೇ ಮಾತು, ಉಳಿದದ್ದೆಲ್ಲ ಕೆಲಸ.

ಕನಿಕರವನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಅವರಷ್ಟು ಲೆಕ್ಕಾಚಾರದ ಮನುಷ್ಯ ಅಪರೂಪ. 1617ರ ಆಗಸ್ಟ್. ಫ್ರಾನ್ಸಿನ ಶಾಟಿಯೋನ್ ಎಂಬ ಸಣ್ಣ ಊರಿನಲ್ಲಿ ಅವರು ಧರ್ಮಗುರು. ಒಂದು ಭಾನುವಾರ ಬಲಿಪೂಜೆಗೆ (ಚರ್ಚಿನ ಆರಾಧನೆಗೆ) ಸಿದ್ಧರಾಗುತ್ತಿದ್ದಾಗ, ಊರಾಚೆ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂಬ ಸುದ್ದಿ ಬಂತು. ಪ್ರವಚನದಲ್ಲಿ ಅದನ್ನೇ ಹೇಳಿದರು. ಮಧ್ಯಾಹ್ನ ತಾವೂ ಆ ಮನೆಯ ಕಡೆ ಹೊರಟರೆ ದಾರಿ ತುಂಬ ಬುಟ್ಟಿ ಹಿಡಿದು ಹೋಗುವ, ಬರುವ ಹೆಂಗಸರು. ಸಂತೋಷಪಡುವ ಬದಲು ವಿನ್ಸೆಂಟರಿಗೆ ಯೋಚನೆ ಹತ್ತಿತು. ಇವತ್ತು ಆ ಮನೆಯಲ್ಲಿ ತಿಂದು ಮುಗಿಸಲಾಗದಷ್ಟು ಊಟ. ಅರ್ಧ ಹಳಸಿ ಹೋಗುತ್ತದೆ. ನಾಳಿದ್ದು ಮತ್ತೆ ಹಸಿವು.

ಕೆಲವೇ ದಿನಗಳಲ್ಲಿ ಊರಿನ ಹೆಂಗಸರ ಒಂದು ಸಂಘ ಕಟ್ಟಿ ಸರದಿ ಗೊತ್ತು ಮಾಡಿದರು. ಅದಕ್ಕಾಗಿ ಅವರು ಬರೆದ ನಿಯಮಾವಳಿ ಓದಿದರೆ ಪ್ರಾರ್ಥನಾ ಪುಸ್ತಕದಂತೆಯೂ ಅಡುಗೆಮನೆಯ ಚೀಟಿಯಂತೆಯೂ ಕಾಣುತ್ತದೆ. ರೊಟ್ಟಿ ಸಾಕಾಗುವಷ್ಟು, ಮಾಂಸಕ್ಕೆ ಔನ್ಸ್ ಲೆಕ್ಕ, ಮಾಂಸ ತಿನ್ನದ ದಿನಗಳಲ್ಲಿ ಒಂದೆರಡು ಮೊಟ್ಟೆ ಮತ್ತು ಸ್ವಲ್ಪ ಬೆಣ್ಣೆ. ಬಡಿಸುವ ಮುನ್ನ ಬಟ್ಟೆ ಹಾಸಬೇಕು, ರೋಗಿಯ ಕೈ ತೊಳೆಸಬೇಕು, ಮಾಂಸ ಕತ್ತರಿಸಿ ಕೊಡಬೇಕು, ಮನಸ್ಸು ಹಗುರಾಗುವ ಮಾತಾಡಬೇಕು. ಕೊನೆಗೆ ಒಂದು ಸೂಚನೆ: ಮನೆಯಲ್ಲಿ ಯಾರಾದರೂ ಜೊತೆಗಿರುವ ರೋಗಿಯಿಂದ ಶುರುಮಾಡಿ, ಒಂಟಿಯಾಗಿರುವವರ ಬಳಿಗೆ ಕಡೆಗೆ ಹೋಗಿ. ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದಲ್ಲ. ನಾಲ್ಕು ಶತಮಾನದ ಹಿಂದಿನ ಈ ಒಂದು ಸಾಲು ಇವತ್ತಿನ ಎಷ್ಟೋ ಸೇವಾ ಯೋಜನೆಗಳಲ್ಲಿ ಕಾಣುವುದಿಲ್ಲ.

ವಿನ್ಸೆಂಟ್ ಡಿ ಪಾಲ್ ಅವರ ಹೆಸರಿನ ಸೊಸೈಟಿಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಂ ಮತ್ತು ಗೆಳೆಯರು ಶುರುಮಾಡಿದರು. ನಮ್ಮಲ್ಲೂ ಅನೇಕ ಧರ್ಮಕೇಂದ್ರಗಳಲ್ಲಿ ಅದರ ಘಟಕಗಳಿವೆ. ಮನೆಭೇಟಿಗೆ ಇಬ್ಬಿಬ್ಬರಾಗಿ ಹೋಗುವುದು ಅಲ್ಲಿನ ರೂಢಿ, ಸಭೆಯಲ್ಲಿ ಚೀಲ ತಿರುಗಿಸಿ ಯಾರೆಷ್ಟು ಹಾಕಿದರೆಂದು ತಿಳಿಯದಂತೆ ಗುಪ್ತವಾಗಿ ಕಾಣಿಕೆ ಎತ್ತುವುದೂ ರೂಢಿ. ಹೊಸದಾಗಿ ಹರಕೆ ಹಿಡಿಯುವವರು ಇವರೊಡನೆ ಸೇರಿ ಹೋದರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಮಿಕ್ಕ ಅರ್ಧ ತಪ್ಪುಗಳು ಹೊಸ್ತಿಲಿನಿಂದಲೇ ಶುರು. ಫೋನು ಮಾಡದೆ ಹೋದರೆ ರೋಗಿ ಬಟ್ಟೆ ಬದಲಿಸುವ ಹೊತ್ತಿಗೋ ಗಾಯದ ಡ್ರೆಸ್ಸಿಂಗ್ ಹೊತ್ತಿಗೋ ನೀವು ಬಾಗಿಲಲ್ಲಿ ನಿಂತಿರುತ್ತೀರಿ. ನೆಗಡಿ ಇದ್ದರೆ ಆ ವಾರ ಬೇಡ. ಒಳಗೆ ಹೋದವರು ಕೈ ತೊಳೆದು, ಹಾಸಿಗೆಯ ಮೇಲಲ್ಲ, ಕುರ್ಚಿ ಎಳೆದುಕೊಂಡು ಮಲಗಿದವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ನಿಂತು ಮಾತಾಡಿದರೆ ಅವರು ಕತ್ತು ಎತ್ತಿ ಸೋಲುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಸಾಕು. 'ದೇವರು ಪರೀಕ್ಷೆ ಮಾಡ್ತಿದ್ದಾನೆ', 'ಯಾವ ಪಾಪಕ್ಕೋ ಏನೋ' ಎಂಬ ಮಾತುಗಳನ್ನು ಚಪ್ಪಲಿಯ ಜೊತೆ ಹೊರಗೆ ಬಿಡಿ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎಂದು ಯೇಸುವೇ ಹೇಳಿ ಆಗಿದೆ. ಮನೆಯವರು ಕ್ರೈಸ್ತರಲ್ಲದಿದ್ದರೆ ಅವರು ಕೇಳದೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಪದಕವನ್ನು ದಿಂಬಿನಡಿ ಸಿಕ್ಕಿಸಿ ಬರುವುದು ಖಂಡಿತ ಬೇಡ. ದಾರಿಯಲ್ಲಿ ಬಿದ್ದವನ ಜಾತಿ ಮತವನ್ನು ಸಮಾರಿಯದವನು ಕೇಳಿದ್ದು ಎಲ್ಲೂ ಇಲ್ಲ.

ಕೈಯಲ್ಲಿ ಏನು ಒಯ್ಯಬೇಕು? ನಮ್ಮ ಕಡೆ ಎಳನೀರು, ಬಾಳೆಹಣ್ಣು, ಕಿತ್ತಳೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಮೂರೂ ಅಪಾಯ. ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಯವರಿಗೆ ಹಾರ್ಲಿಕ್ಸ್ ಬಾಟಲಿ ಕೂಡ ಹಾಗೆಯೇ. ಮನೆಯವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಹಣ್ಣು ಆಗಿರುವುದಿಲ್ಲ: ಎರಡು ಹಳೆ ಕಾಟನ್ ಬೆಡ್‌ಶೀಟು, ದೊಡ್ಡವರ ಡೈಪರ್ ಒಂದು ಪ್ಯಾಕೆಟ್, ಮೆಡಿಕಲ್ ಶಾಪಿಗೆ ಹೋಗಿಬರಲು ಒಬ್ಬ ಹುಡುಗ.

ಆರೈಕೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಗ್ಗುಲು ಬದಲಿಸುವುದು. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬುದು ನರ್ಸುಗಳು ಹೇಳುವ ರೂಢಿಯ ಲೆಕ್ಕ. ಮೈಭಾರ ಒಂದೇ ಕಡೆ ಬಿದ್ದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಒಳಗಿಂದಲೇ ಸಾಯುತ್ತದೆ. ಅದೇ ಹಾಸಿಗೆ ಹುಣ್ಣು. ಸೊಂಟದ ಹಿಂಭಾಗ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಹೆಗಲ ಹಿಂದಿನ ಮೂಳೆ, ತಲೆಯ ಹಿಂಭಾಗ, ಕಿವಿಯ ಅಂಚು ಇವಿಷ್ಟನ್ನು ದಿನವೂ ನೋಡಬೇಕು. ಬಣ್ಣ ಬದಲಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಕೆಂಪು ಹಾಗೆಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು. ಕೈಯಿಟ್ಟು ನೋಡಿದರೆ ಸುತ್ತಲಿಗಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಸಿಗುತ್ತದೆ. ಪ್ರೀತಿಯಿಂದ ಮಾಡುವ ಎರಡು ತಪ್ಪುಗಳಿವೆ. ಆ ಜಾಗವನ್ನು ಎಣ್ಣೆ ಹಾಕಿ ತಿಕ್ಕುವುದು ಒಂದು. ಒಳಗೆ ಸೋತಿರುವ ಚರ್ಮ ತಿಕ್ಕಿದರೆ ಹರಿಯುತ್ತದೆ. ಸೊಂಟದ ಕೆಳಗೆ ಉಂಗುರದಂಥ ರಬ್ಬರ್ ದಿಂಬು ಇಡುವುದು ಇನ್ನೊಂದು. ಅದು ನಡುವಿನ ಭಾರ ಇಳಿಸಿ ಸುತ್ತಲಿನ ರಕ್ತವನ್ನು ತಡೆಯುತ್ತದೆ.

ಹೊರಳಿಸುವಾಗ ಕಂಕುಳಲ್ಲಿ ಕೈಹಾಕಿ ಎಳೆಯಬಾರದು, ಚರ್ಮ ಹಾಸಿಗೆಗೆ ಉಜ್ಜುತ್ತದೆ. ಸೊಂಟದಡಿ ಅಡ್ಡಲಾಗಿ ಮಡಚಿದ ಬೆಡ್‌ಶೀಟ್ ಹಾಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತಿ ಸರಿಸಬೇಕು. ಇಬ್ಬಿಬ್ಬರಾಗಿ ಹೋಗುವ ರೂಢಿ ಇಲ್ಲಿ ಅಕ್ಷರಶಃ ಕೈಗೆ ಬರುತ್ತದೆ. ಪೂರಾ ಪಕ್ಕಕ್ಕೆ ಮಲಗಿಸುವ ಬದಲು ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮೀನಖಂಡದ ಕೆಳಗೆ ಇನ್ನೊಂದು. ಮೂತ್ರದ ಚೀಲ ಇದ್ದರೆ ಹೊರಳಿಸುವಾಗ ಅದು ಮೈಮಟ್ಟಕ್ಕಿಂತ ಮೇಲೇಳಬಾರದು, ಚೀಲದ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ.

ಊಟ ಮಾಡಿಸುವುದರಲ್ಲಿ ಅವಸರವೇ ಶತ್ರು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ಗಂಟಲು ಮೇಲೆದ್ದು ಇಳಿದದ್ದನ್ನು ಕಂಡ ಮೇಲೆ ಮುಂದಿನ ಚಮಚ. ಪಾರ್ಶ್ವವಾಯು ಬಡಿದವರಿಗೆ ಗಟ್ಟಿ ಗಂಜಿಗಿಂತ ಗಂಜಿಯ ತಿಳಿ ಕಷ್ಟ. ನೀರಾದದ್ದು ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು ಬಂದರೆ ಅಥವಾ ದನಿಯಲ್ಲಿ ನೀರು ಗೊಳಗುಟ್ಟಿದಂತೆ ಕೇಳಿದರೆ ಅಲ್ಲಿಗೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಆ ಅರ್ಧ ಗಂಟೆಗೆ ಒಂದು ಜಪಸರ ಸರಿಯಾಗಿ ಹೊಂದುತ್ತದೆ, ಅವರಿಗೆ ಇಷ್ಟವಿದ್ದರೆ.

ಮನೆಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ತರುವ ದಿನಕ್ಕೂ ಇದೇ ಎಚ್ಚರ ಬೇಕು. ಮಂಚದ ಪಕ್ಕ ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೋಂಬತ್ತಿ, ಒಂದು ಲೋಟ ನೀರು. ಆಕ್ಸಿಜನ್ ಹಚ್ಚಿದ್ದರೆ ಮೋಂಬತ್ತಿ ಬೇಡವೇ ಬೇಡ. ನುಂಗುವುದು ಕಷ್ಟವಾದರೆ ರೊಟ್ಟಿಯ ಕಣದಷ್ಟು ಚೂರು ಸಾಕು. ಅದೂ ಆಗದವರಿಗೆ ಪವಿತ್ರ ದ್ರಾಕ್ಷಾರಸವನ್ನಷ್ಟೇ ಕೊಡಲು ಸಭೆಯ ಕಟ್ಟಳೆಯಲ್ಲಿ ಅವಕಾಶವಿದೆ. ಫಾದರ್‌ಗೆ ಮೊದಲೇ ತಿಳಿಸಬೇಕು. ಪ್ರಸಾದಕ್ಕೆ ಮುನ್ನ ಒಂದು ಗಂಟೆ ಏನೂ ತಿನ್ನಬಾರದೆಂಬ ನಿಯಮ ವೃದ್ಧರಿಗೂ ರೋಗಿಗಳಿಗೂ ಇಲ್ಲ. ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಬೆಳಗಿನಿಂದ ಒಂದು ತುತ್ತಿಗೂ ಹೊತ್ತು ಸಿಗದೆ ಈಗಷ್ಟೇ ಬಾಯಿಗೆ ಹಾಕಿಕೊಂಡ ಸೊಸೆಯನ್ನೂ ಕಾನೂನು ಬರೆದವರು ನೆನಪಿಟ್ಟುಕೊಂಡಿದ್ದಾರೆ. ಸಾವಿನ ಹೊಸ್ತಿಲಲ್ಲಿ ಕೊಡುವ ಪ್ರಸಾದಕ್ಕೆ ಲ್ಯಾಟಿನ್ನಿನಲ್ಲಿ ಇರುವ ಹೆಸರಿನ ಅರ್ಥ ದಾರಿಬುತ್ತಿ. ಪವಿತ್ರ ತೈಲ ಹಚ್ಚುವುದು ಮಾತ್ರ ಕಡೆಯುಸಿರಿಗೆ ಕಾದಿಡುವ ಸಂಸ್ಕಾರವಲ್ಲ, ಕಾಯಿಲೆ ಗಂಭೀರವಾದಾಗಲೇ ಕೇಳಬಹುದು. ತೈಲ ತಂದರೆ ಸಾವು ಬಂತೆಂದು ಹೆದರಿ ಫಾದರನ್ನು ಕರೆಯಲು ತಡಮಾಡುವ ಮನೆಗಳು ಈಗಲೂ ಇವೆ.

ಆ ಸೊಸೆಯ ವಿಷಯಕ್ಕೆ ಬರೋಣ. ಅವಳು ಮಗಳಿರಬಹುದು, ಗಂಡನಿರಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರಿಗೆ ರಾತ್ರಿ ಸತತವಾಗಿ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಇರುವುದಿಲ್ಲ. ಭೇಟಿಗೆ ಬಂದವರೆಲ್ಲ ರೋಗಿಯನ್ನು ವಿಚಾರಿಸುತ್ತಾರೆ. ಇವರು ಕಾಫಿ ಕಾಸುತ್ತಿರುತ್ತಾರೆ. ವಾರಕ್ಕೊಂದು ದಿನ, ಗೊತ್ತಾದ ಹೊತ್ತಿಗೆ, ಎರಡು ಗಂಟೆ ನೀವು ಮಂಚದ ಪಕ್ಕ ಕೂತರೆ ಇವರು ಚರ್ಚಿನ ಶಿಲುಬೆ ಹಾದಿ ಪ್ರಾರ್ಥನೆಗೆ ಹೋಗಿಬರಬಹುದು, ಬ್ಯಾಂಕಿಗೆ ಹೋಗಬಹುದು, ಒಳಕೋಣೆಯಲ್ಲಿ ಬಾಗಿಲು ಹಾಕಿ ಮಲಗಬಹುದು. 'ಏನಾದ್ರೂ ಬೇಕಿದ್ರೆ ಹೇಳಿ' ಎಂದರೆ ಯಾರೂ ಹೇಳುವುದಿಲ್ಲ. 'ಶುಕ್ರವಾರ ನಾಲ್ಕು ಗಂಟೆಗೆ ಬರ್ತೀವಿ, ಆರರವರೆಗೂ ಇರ್ತೀವಿ, ನೀವು ಚರ್ಚಿಗೆ ಹೋಗಿಬನ್ನಿ ಅಕ್ಕ' ಎನ್ನಿ. ಮೊದಲ ಶುಕ್ರವಾರ ಅವರು ಬಾಗಿಲವರೆಗೆ ಹೋಗಿ ಮೂರು ಸಲ ವಾಪಸು ಬರುತ್ತಾರೆ. ಮಾತ್ರೆಯ ಡಬ್ಬಿ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಎರಡನೇ ವಾರ ನಿಶ್ಚಿಂತೆಯಿಂದ ಮೆಟ್ಟಿಲಿಳಿಯುತ್ತಾರೆ.

ಪವಿತ್ರ ಗುರುವಾರ ಪೀಠದ ಮುಂದೆ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಅಂದು ಸಂಜೆ ಚರ್ಚಿಗೆ ಹೊರಡುವ ಮೊದಲು ಈ ಮಂಚದ ಬಳಿಯೂ ಒಂದು ಬೋಗುಣಿ ಇಡಬಹುದು. ಉಗುರುಬೆಚ್ಚಗಿನ ನೀರು. ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಬೊಬ್ಬೆ ಬಂದುಬಿಡುತ್ತದೆ. ಬೆರಳುಗಳ ನಡುವೆ ತಿಕ್ಕದೆ ಒತ್ತಿ ಒರೆಸಿ, ಅಲ್ಲಿ ತೇವ ಉಳಿದರೆ ಚರ್ಮ ಬಿರಿಯುತ್ತದೆ. ಹಿಮ್ಮಡಿಯನ್ನು ಕೈಯಲ್ಲಿ ಹಿಡಿದಾಗಲೇ ಬಣ್ಣ ಬದಲಾಗಿದೆಯೇ ಎಂದು ನೋಡಿಬಿಡಿ.

ಇನ್ನು ಪಾಸ್ಖ ಹಬ್ಬ ಕಳೆದ ಮೇಲಿನ ವಾರ. ಶಾಟಿಯೋನಿನಲ್ಲಿ ವಿನ್ಸೆಂಟರು ಹೆದರಿದ ಆ 'ನಾಳಿದ್ದಿ'ನಂತೆ, ಆಗ ಬರುವವರು ಯಾರೂ ಇರುವುದಿಲ್ಲ. ಆದ್ದರಿಂದ ಮುಂದಿನ ಸರದಿಯನ್ನು ಗರಿಗಳ ಭಾನುವಾರವೇ, ಎಲ್ಲರೂ ಚರ್ಚಿನ ಅಂಗಳದಲ್ಲಿ ಸಿಕ್ಕುವಾಗಲೇ, ಹೆಸರು ದಿನ ಹೊತ್ತು ಹಾಕಿ ಬರೆದು, ಒಂದು ಪ್ರತಿಯನ್ನು ಆ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ ಬನ್ನಿ.