ಆಲೂಗಡ್ಡೆಗೆ ಗೊಬ್ಬರ: ಇಳುವರಿಯ ಲೆಕ್ಕ, ಲಾಭದ ಲೆಕ್ಕ

ಆಲೂಗಡ್ಡೆಯ ಬೇರುಗಳು ಹೆಚ್ಚಾಗಿ ಮಣ್ಣಿನ ಮೇಲಿನ ಪದರದಲ್ಲೇ ಹರಡುವುದರಿಂದ, ಕೆಲವೇ ತಿಂಗಳುಗಳಲ್ಲಿ ಗೆಡ್ಡೆ ತುಂಬಿಸಿಕೊಳ್ಳಬೇಕಾದ ಈ ಬೆಳೆ ಕೈಗೆಟಕುವಷ್ಟು ಹತ್ತಿರದ ಪೋಷಕಾಂಶವನ್ನೇ ನೆಚ್ಚಿಕೊಂಡಿರುತ್ತದೆ. ರಾಸಾಯನಿಕ ಗೊಬ್ಬರಕ್ಕೆ ಅದು ಬೇಗ ಸ್ಪಂದಿಸುವುದು ಇದೇ ಕಾರಣಕ್ಕೆ.

ನನ್ನನ್ನು ಹೆಚ್ಚು ಕಾಡುವುದು ಸಾರಜನಕದ ವಿಚಾರ. ಅದು ಕಡಿಮೆಯಾದರೆ ಎಲೆಗಳು ಬೇಗ ಹಳದಿಯಾಗಿ ಗೆಡ್ಡೆ ಸಣ್ಣದಾಗುತ್ತದೆ. ಅತಿಯಾದರೆ ಗಿಡ ಸೊಂಪಾಗಿ ಬೆಳೆದು ನೋಡುವವರ ಕಣ್ಣು ತಣಿಸುತ್ತದೆಯಾದರೂ, ಗೆಡ್ಡೆ ಕಟ್ಟುವುದು ತಡವಾಗಿ, ಒಣ ಪದಾರ್ಥದ, ಅಂದರೆ ನೀರು ಬಿಟ್ಟು ಉಳಿಯುವ ಭಾಗದ, ಪ್ರಮಾಣ ಇಳಿದು, ಸಂಸ್ಕರಣೆಗೆ ಕೊಳ್ಳುವವರು ಬೆಲೆ ಕಡಿಮೆ ಮಾಡುತ್ತಾರೆ. ಹಸಿರು ಹೊಲವನ್ನು ಕಂಡು ಮೋಸಹೋಗಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ರಂಜಕ ಬೇರಿನ ಬೆಳವಣಿಗೆಗೂ ಗೆಡ್ಡೆಗಳ ಸಂಖ್ಯೆಗೂ ನೆರವಾಗುತ್ತದೆ. ಪೊಟ್ಯಾಸಿಯಂ ಅನ್ನಂತೂ ಈ ಬೆಳೆ ಸಾರಜನಕಕ್ಕಿಂತಲೂ ಹೆಚ್ಚಾಗಿ ಹೀರುತ್ತದೆ. ಅದು ಸಾಕಷ್ಟಿದ್ದರೆ ಗೆಡ್ಡೆ ದಪ್ಪವಾಗುತ್ತದೆ, ಸಾಗಣೆಯಲ್ಲಿ ಪೆಟ್ಟು ಬಿದ್ದು ಗೆಡ್ಡೆಯ ಒಳಭಾಗ ಕಪ್ಪಾಗುವುದೂ ಕಡಿಮೆ. ಒಣ ಪದಾರ್ಥ ಮುಖ್ಯವಾದಲ್ಲಿ ಪೊಟ್ಯಾಸಿಯಂ ಗೊಬ್ಬರದ ಕ್ಲೋರೈಡ್ ರೂಪಕ್ಕಿಂತ ಸಲ್ಫೇಟ್ ರೂಪವೇ ಮೇಲು, ಆದರೆ ಅದು ದುಬಾರಿ.

ಲಾಭದ ಪ್ರಶ್ನೆ ಬೇರೆಯೇ. ಮೊದಲ ಕಂತಿನ ಗೊಬ್ಬರ ಹೆಚ್ಚಿಸುವಷ್ಟು ಇಳುವರಿಯನ್ನು ನಂತರದ ಕಂತುಗಳು ಹೆಚ್ಚಿಸುವುದಿಲ್ಲವಾದ್ದರಿಂದ, ಕೊನೆಯ ಕಿಲೋ ಗೊಬ್ಬರದ ಖರ್ಚು ಅದರಿಂದ ಬಂದ ಹೆಚ್ಚುವರಿ ಗೆಡ್ಡೆಯ ಬೆಲೆಗೆ ಸಮನಾಗುವಲ್ಲಿಗೆ ನಿಲ್ಲಿಸಬೇಕು. ಆ ಹಂತ ಗರಿಷ್ಠ ಇಳುವರಿಗಿಂತ ಮೊದಲೇ ಬರುತ್ತದೆ, ಗೆಡ್ಡೆಯ ಬೆಲೆ ಕುಸಿದರೆ ಇನ್ನೂ ಹಿಂದಕ್ಕೆ ಸರಿಯುತ್ತದೆ. ಮಣ್ಣು ಪರೀಕ್ಷೆಯಿಲ್ಲದೆ ಅದನ್ನು ಅಂದಾಜಿಸುವುದು ಕಷ್ಟ.